ವೆಬರ್ ಕೆಟಲ್: ಇದ್ದಿಲಿಗೋ ಗ್ಯಾಸಿಗೋ ದುಡ್ಡು ಹಾಕುವುದು?
57 ಸೆಂ.ಮೀ. ಅಗಲದ ವೆಬರ್ ಕೆಟಲ್, ಅಂದರೆ ವೆಬರ್ ಕಂಪನಿಯ ಮುಚ್ಚಳವಿರುವ ದುಂಡನೆ ಗ್ರಿಲ್, ಇದ್ದಿಲು ಗ್ರಿಲ್‌ಗಳಲ್ಲಿ ಹಳೇ ಹುಲಿ. 1952ರಲ್ಲಿ ಲೋಹದ ತೇಲುಗೋಳವನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ಆಕಾರ ಇಂದಿಗೂ ಅದೇ. ಭಾನುವಾರದ ಬಾಡೂಟಕ್ಕಂತೂ ಇದೇ ಸರಿ.

ಚಿಮಣಿ ಡಬ್ಬಕ್ಕೆ (ಇದ್ದಿಲು ಹೊತ್ತಿಸುವ ಕೊಳವೆಯಾಕಾರದ ಲೋಹದ ಡಬ್ಬ) ಇದ್ದಿಲು ತುಂಬಿ ಅಡಿಯಲ್ಲಿ ಕಾಗದ ಹೊತ್ತಿಸಿದರೆ, 15–20 ನಿಮಿಷಕ್ಕೆ ಮೇಲಿನ ತುಂಡುಗಳಿಗೂ ಬೂದಿ ಹಿಡಿಯುತ್ತದೆ. ಆಗ ಗ್ರಿಲ್‌ನ ಒಂದೇ ಬದಿಗೆ ಸುರಿಯಿರಿ. ಕೋಳಿಯ ಚರ್ಮ ಕೆಂಡದ ಮೇಲೆ ಗರಿಗರಿಯಾಗಲಿ, ಒಳಮಾಂಸ ಖಾಲಿ ಬದಿಯಲ್ಲಿ ಮುಚ್ಚಳದಡಿ ಬೇಯಲಿ. ಹೊಸಬರು ಎಡವುವುದು ಗಾಳಿಕಿಂಡಿಯಲ್ಲಿ: ಮುಚ್ಚಳದ ಮೇಲಿನದನ್ನು ಮುಚ್ಚಿದರೆ ಕೆಂಡಕ್ಕೆ ಉಸಿರುಕಟ್ಟಿ ಮಾಂಸಕ್ಕೆ ಕಹಿ ಹೊಗೆ ಹತ್ತುತ್ತದೆ. ಶಾಖವನ್ನು ಕೆಳಗಿನ ಕಿಂಡಿಯಿಂದಲೇ ಹಿಡಿತದಲ್ಲಿಡಿ.

ಗ್ಯಾಸ್ ಗ್ರಿಲ್ 10–15 ನಿಮಿಷಕ್ಕೆ ಸಿದ್ಧ, ಬೂದಿಯ ರಗಳೆಯಿಲ್ಲ. ಪನೀರು, ಜೋಳಕ್ಕೆ ಸಾಕು. ಹೊಗೆಯ ಘಮ ಮಾತ್ರ ತೆಳು. ಜಿಡ್ಡಿನ ತಟ್ಟೆ ತೊಳೆಯದಿದ್ದರೆ ಬೆಂಕಿ ಭುಗಿಲೇಳುತ್ತದೆ. ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರದಿದ್ದರಷ್ಟೇ ಹೊತ್ತಿಸಿ.