ಕೆಲಸ ಹುಡುಕುವ ಮುಂಚೆ ಎನರ್ಜಿಪ್ಲಸ್ ಕಲಿಯಿರಿ

ಹಸಿರು ಕಟ್ಟಡ ವಿನ್ಯಾಸಕ್ಕೆ ಬರುವ ಹೊಸ ಎಂಜಿನಿಯರುಗಳಿಗೆ ನಾನು ಮೊದಲು ಹೇಳುವುದು ಎನರ್ಜಿಪ್ಲಸ್ ಬಗ್ಗೆ. ಅಮೆರಿಕದ ಇಂಧನ ಇಲಾಖೆಯ ದುಡ್ಡಿನಲ್ಲಿ ತಯಾರಾದ ತಂತ್ರಾಂಶ, ಪೂರ್ತಿ ಉಚಿತ. ವರ್ಷದ 8,760 ಗಂಟೆಗೂ ಕಟ್ಟಡದ ಬಿಸಿ, ತಂಪು, ಬೆಳಕಿನ ಲೆಕ್ಕ ಕೊಡುತ್ತದೆ. ಶುರುವಿನಲ್ಲಿ ಕಷ್ಟ, ನಿಜ. ಎಲ್ಲಾ ಬರೀ ಅಕ್ಷರದ ಫೈಲು, ಅದಕ್ಕೆ ಮೆನು, ಚಿತ್ರ ನೋಡಿಕೊಂಡು ಕೆಲಸ ಮಾಡಲು ಓಪನ್‌ಸ್ಟುಡಿಯೋ ಎಂಬ ತಂತ್ರಾಂಶವನ್ನೂ ಜೊತೆಗೆ ಹಾಕಿಕೊಳ್ಳಿ.

ನಾನು ಅದರಲ್ಲಿ ಒಂದೇ ಕೋಣೆಯ ಮಾದರಿ ಮಾಡಿ ಪಶ್ಚಿಮದ ಕಿಟಕಿಗೆ ಅರ್ಧ ಮೀಟರ್ ಸಜ್ಜಾ ಇಟ್ಟೆ. ಸಂಜೆಯ ಬಿಸಿ ಹೆಚ್ಚೇನೂ ಇಳಿಯಲಿಲ್ಲ, ಸೂರ್ಯ ಕೆಳಗಿಳಿದಾಗ ಬಿಸಿಲು ಸಜ್ಜಾದ ಅಡಿಯಿಂದ ನೇರ ಒಳಗೆ ಬರುತ್ತದೆ ಅಲ್ವಾ, ಇದನ್ನು ಓದಿದ್ದೆ ಆದರೆ ಗ್ರಾಫಿನಲ್ಲಿ ಕಂಡಾಗಲೇ ತಲೆಗೆ ಹೋಗಿದ್ದು. ಕಿಟಕಿ ಚಿಕ್ಕದು ಮಾಡಿದೆ, ಇಳಿಯಿತು. ಸಂದರ್ಶನದಲ್ಲಿ ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಕೇಳಲಿಲ್ಲ, ಆ ಕಿಟಕಿ ಬಗ್ಗೆಯೇ 20 ನಿಮಿಷ ಮಾತಾಡಿದೆವು.