ದಿನವಿಡೀ ಕಿವಿಯ ಮೇಲಿರುವ ಹೆಡ್‌ಫೋನ್: ಮೂರರ ಹೋಲಿಕೆ

ಧ್ವನಿಪುಸ್ತಕಗಳ ಸಂಕಲನ ನನ್ನ ಕೆಲಸ. ಬೆಳಿಗ್ಗೆ ಹಾಕಿಕೊಂಡ ಹೆಡ್‌ಫೋನನ್ನು ತೆಗೆಯುವುದು ಊಟಕ್ಕೆ ಏಳುವಾಗಲೇ. ಅದೂ ಮಂಗಳೂರಿನ ಸೆಕೆಯಲ್ಲಿ, ಕನ್ನಡಕ ಹಾಕಿಕೊಂಡು. ಹಾಗಾಗಿ ನಾದಕ್ಕಿಂತ ಮೊದಲು ನಾನು ನೋಡುವುದು ಕಿವಿಯ ಮೆತ್ತೆ ಮತ್ತು ವೈರನ್ನು. ಹೆಡ್‌ಫೋನ್ ಸಾಮಾನ್ಯವಾಗಿ ಕೈಕೊಡುವುದು ಅಲ್ಲೇ. ಒಳಗಿನ ಸ್ಪೀಕರ್ ಕೆಡುವುದು ಅಪರೂಪ.

ಸೋನಿ ಎಂಡಿಆರ್-7506 ಮಾದರಿ 1991ರಿಂದಲೂ ಸ್ಟುಡಿಯೋಗಳಲ್ಲಿದೆ. ವೈರು ಬಿಟ್ಟು ಸುಮಾರು 230 ಗ್ರಾಂ, ಮೂರರಲ್ಲಿ ಇದೇ ಹಗುರ. ಓದುವವರ ಉಸಿರು, ತುಟಿ ಬಿಡಿಸುವಾಗಿನ ಸಣ್ಣ ಸದ್ದು ಇದರಲ್ಲಿ ಎದ್ದು ಕೇಳುತ್ತವೆ. ಕೊನೆಯ ಪರಿಶೀಲನೆಗೆ ನನಗೆ ಇದೇ ಬೇಕು. ಮೆತ್ತೆ ಮಾತ್ರ ತೆಳು. ಸುರುಳಿ ವೈರನ್ನು ಬಿಚ್ಚಲಾಗದು. ತುಂಡಾದರೆ ಬೆಸುಗೆ ಬಲ್ಲವರನ್ನು ಹುಡುಕಬೇಕು.

ಆಡಿಯೋ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ ಈ ವಿಷಯದಲ್ಲಿ ಗೆಲ್ಲುತ್ತದೆ. ತಿರುಗಿಸಿದರೆ ವೈರು ಬಿಚ್ಚಿಕೊಳ್ಳುತ್ತದೆ, ಪೆಟ್ಟಿಗೆಯಲ್ಲೇ ಮೂರು ಬಗೆಯ ವೈರುಗಳಿರುತ್ತವೆ. ಕುರ್ಚಿಯ ಗಾಲಿ ವೈರಿನ ಮೇಲೆ ಹರಿಯುವ ಕೋಣೆಯಲ್ಲಿ ಇದು ದೊಡ್ಡ ನೆಮ್ಮದಿ. ಮಡಚಿ ಚೀಲಕ್ಕೆ ಹಾಕಿಕೊಳ್ಳಲೂಬಹುದು. ಆದರೆ ಹಿಡಿತ ಬಿಗಿ. ಮಧ್ಯಾಹ್ನದ ಹೊತ್ತಿಗೆ ಕನ್ನಡಕದ ಕಡ್ಡಿ ಕಿವಿಯ ಮೇಲ್ಭಾಗವನ್ನು ಒತ್ತತೊಡಗುತ್ತದೆ.

ಮಂಗಳೂರಿನಂಥ ಊರಿನಲ್ಲಿ ಮೆತ್ತೆಯ ಹೊದಿಕೆಯೇ ನಿರ್ಣಾಯಕ. ಮೇಲಿನ ಎರಡಕ್ಕೂ ಇರುವ ಕೃತಕ ಚರ್ಮವೆಂದರೆ ಬಟ್ಟೆಗೆ ಅಂಟಿಸಿದ ತೆಳುವಾದ ಪ್ಲಾಸ್ಟಿಕ್ ಪದರ. ಬೆವರು, ತೇವ, ಶಾಖ ಸೇರಿ ಆ ಪದರ ಬಿರಿಯುತ್ತದೆ. ಕೆನ್ನೆಯ ಮೇಲೆ ಕಪ್ಪು ಚೂರುಗಳು ಅಂಟುತ್ತವೆ. ಜರ್ಮನಿಯ ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊದ ಹೆಚ್ಚಿನ ಮಾದರಿಗಳಿಗೆ ಬೂದು ಬಣ್ಣದ ಮಖಮಲ್ಲಿನ ಮೆತ್ತೆಯಿದೆ. ಸಿಪ್ಪೆ ಏಳಲು ಅದರಲ್ಲಿ ಪ್ಲಾಸ್ಟಿಕ್ ಪದರವೇ ಇಲ್ಲ. ಗಾಳಿ ಸ್ವಲ್ಪ ಆಡುವುದರಿಂದ ಕಿವಿ ಬೇಯುವುದಿಲ್ಲ, ಕನ್ನಡಕದ ಕಡ್ಡಿ ಮೆತ್ತೆಯೊಳಗೆ ಹುದುಗಿಬಿಡುತ್ತದೆ. ಸುಮಾರು 270 ಗ್ರಾಂ ತೂಕವಿದ್ದರೂ ಕಿವಿ ಇಡಿಯಾಗಿ ಒಳಗೆ ಕೂರುವುದರಿಂದ ಭಾರ ಗೊತ್ತಾಗುವುದಿಲ್ಲ. ತಲೆಪಟ್ಟಿ ಸ್ಪ್ರಿಂಗ್ ಉಕ್ಕಿನದು. ಮೆತ್ತೆ ಹಳತಾದರೆ ಕೈಯಲ್ಲೇ ಕಳಚಿ ಹೊಸದನ್ನು ಹಾಕಬಹುದು. ಕೊರತೆಯೆಂದರೆ ಇದರ ವೈರೂ ಕಾಯಂ. ಮಖಮಲ್ಲಿಗೆ ಧೂಳು, ಕೂದಲು ಬೇಗ ಹಿಡಿಯುತ್ತವೆ.

ದಿನವಿಡೀ ಕೂತು ಕೇಳುವವರಿಗೆ ನಾನು ಹೇಳುವುದು ಡಿಟಿ 770. ಹೊತ್ತುಕೊಂಡು ತಿರುಗುವವರಿಗೆ ಎಂ50ಎಕ್ಸ್. ಡಿಟಿ 770 ಕೊಳ್ಳುವಾಗ ಓಮ್ ಸಂಖ್ಯೆಯನ್ನು (ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ತಪ್ಪದೆ ನೋಡಿ: ಮೊಬೈಲಿಗೆ ನೇರವಾಗಿ ಸಿಕ್ಕಿಸುವುದಾದರೆ 32 ಓಮ್ (ಇದರ ಮೆತ್ತೆ ಮಾತ್ರ ಮಖಮಲ್ಲಿನದಲ್ಲ, ಕೃತಕ ಚರ್ಮದ್ದು), ಕಂಪ್ಯೂಟರಿಗೆ ಜೋಡಿಸುವ ಧ್ವನಿ ಸಾಧನವಾದ ಆಡಿಯೋ ಇಂಟರ್‌ಫೇಸ್ ಇದ್ದರೆ 80. 250 ಓಮ್‌ನದಕ್ಕೆ ಒಳ್ಳೆಯ ಆಂಪ್ಲಿಫೈಯರ್ ಬೇಕು. ಇಲ್ಲದಿದ್ದರೆ ಸದ್ದು ಸಣ್ಣದಾಗಿಯೇ ಉಳಿಯುತ್ತದೆ.