ಅಕ್ಕಿ, ಸಿಲಿಕಾ, ಸ್ಪಿರಿಟ್: ಮಳೆಗಾಲದ ಪ್ಲೇಯರ್‌ಗೆ ಯಾವುದು ಸರಿ?

ನಮ್ಮ ಮನೆಯವರ ಹತ್ತಿರ ಒಂದೇ ಮಾಡೆಲಿನ ಎರಡು ಎಂಪಿತ್ರೀ ಪ್ಲೇಯರ್ ಇವೆ. ಒಂದು ಶಿರಸಿಯಲ್ಲಿ ಅಪ್ಪನ ಹತ್ತಿರ, ಅದರ ತುಂಬ ತಾಳಮದ್ದಳೆ. ಇನ್ನೊಂದು ಕಾರವಾರದ ಕೋಡಿಬಾಗದಲ್ಲಿ ನನ್ನ ಹತ್ತಿರ. ಹೋದ ಮಳೆಗಾಲದಲ್ಲಿ ಎರಡಕ್ಕೂ ಒಂದೇ ತೊಂದರೆ. ಬಲಗಿವಿಗೆ ಚೆನ್ನಾಗಿ ಕೇಳುತ್ತದೆ, ಎಡಗಿವಿಗೆ ಬರೀ ಕರಕರ. ಪಿನ್ ಸ್ವಲ್ಪ ತಿರುಗಿಸಿದರೆ ಒಂದು ಕ್ಷಣ ಸರಿಯಾಗುತ್ತದೆ, ಮತ್ತೆ ಹಾಗೇ.

ಮೊದಲು ಬೇರೆ ಇಯರ್‌ಫೋನ್ ಹಾಕಿ ನೋಡಿ. ಪಿನ್ನಿನ ಬುಡದಲ್ಲಿ ವೈರ್ ತುಂಡಾಗುವುದೇ ಜಾಸ್ತಿ. ನಮ್ಮವೆರಡರಲ್ಲೂ ಹೊಸ ಇಯರ್‌ಫೋನ್ ಹಾಕಿದರೂ ಕರಕರ ಹೋಗಲಿಲ್ಲ. ಅಂದರೆ ತೊಂದರೆ ಇದ್ದದ್ದು ಪಿನ್ ಚುಚ್ಚುವ ತೂತಿನಲ್ಲಿ, ಅಂದರೆ ಜಾಕಿನಲ್ಲಿ.

ಎಲ್ಲರೂ ಹೇಳುವ ಹಾಗೆ ನನ್ನದನ್ನು ಅಕ್ಕಿ ಡಬ್ಬಿಯಲ್ಲಿ ಎರಡು ದಿನ ಹೂತಿಟ್ಟೆ. ಏನೂ ಉಪಯೋಗವಾಗಲಿಲ್ಲ. ಆಮೇಲೆ ಟೂತ್‌ಪಿಕ್ಕಿಗೆ ತೆಳುವಾಗಿ ಹತ್ತಿ ಸುತ್ತಿ ಜಾಕಿನೊಳಗೆ ತಿರುಗಿಸಿದರೆ ಹತ್ತಿಗೆ ಬಿಳಿ ಅಕ್ಕಿಹುಡಿ, ಅದರ ಮೇಲೆ ಹಸಿರು ಕಲೆ. ಹುಡಿ ನಾನೇ ತುಂಬಿದ್ದು. ಅಕ್ಕಿಯನ್ನು ಮತ್ತೆ ಮುಟ್ಟುವುದಿಲ್ಲ.

ಶಿರಸಿಯಲ್ಲಿ ಅಪ್ಪನದನ್ನು ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ ಕಿತ್ತಳೆ ಬಣ್ಣದ ಸಿಲಿಕಾ ಮಣಿಗಳ ಪೊಟ್ಟಣ ಇಟ್ಟೆವು. ಮೂರನೇ ದಿನ ಎರಡೂ ಕಿವಿಗೆ ಮದ್ದಳೆ ಸ್ಪಷ್ಟ! ಮಣಿಗಳು ತೇವ ಹೀರಿ ಹಸಿರಾದರೆ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿ, ಬಣ್ಣ ವಾಪಸ್ ಬರುತ್ತದೆ.

ಅದೇ ಸಿಲಿಕಾದಿಂದ ಸರಿಯಾದದ್ದು ಕಾರವಾರದಲ್ಲಿ ಒಂದು ವಾರವೂ ತಡೆಯಲಿಲ್ಲ. ಯಾಕೆ ಅಂತ ತುಂಬಾ ಯೋಚಿಸಿದೆ. ಶಿರಸಿಯದ್ದು ಬರೀ ಥಂಡಿ, ಒಣಗಿಸಿದರೆ ಮುಗಿಯಿತು. ಇಲ್ಲಿಯದ್ದು ಕಡಲ ಗಾಳಿ. ನೀರು ಆರಿದರೂ ಉಪ್ಪು ಒಳಗೇ ಉಳಿಯುತ್ತದೆ, ಗಾಳಿ ಒದ್ದೆಯಾದ ಕೂಡಲೇ ಮತ್ತೆ ತೇವ ಎಳೆದುಕೊಳ್ಳುತ್ತದೆ. ಇದನ್ನು ಒಣಗಿಸಿದರೆ ಸಾಲದು, ತೊಳೆಯಬೇಕು.

ತೊಳೆಯುವುದಕ್ಕೆ ಸ್ಪಿರಿಟ್, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊದಲು ಶೇಕಡಾ 99ರದ್ದು ತಂದೆ. ಬೇಗ ಆರುತ್ತದೆ, ಎಣ್ಣೆಜಿಡ್ಡು ತೆಗೆಯುತ್ತದೆ, ಆದರೆ ಉಪ್ಪು ಅದರಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಶೇಕಡಾ 70ರದ್ದರಲ್ಲಿ ಉಳಿದದ್ದು ನೀರು, ಉಪ್ಪು ಬಿಡಿಸುವುದು ಆ ನೀರೇ. ಹಾಗಾಗಿ ಪ್ಲೇಯರ್ ಆಫ್ ಮಾಡಿ, ಒದ್ದೆ ಮಾಡಿ ಹಿಂಡಿದ ಹತ್ತಿಯಿಂದ ಮೊದಲು 70ರಲ್ಲಿ ಮೂರ್ನಾಲ್ಕು ಸಲ, ಕೊನೆಗೆ 99ರಲ್ಲಿ ಒಂದು ಸಲ ಒರೆಸಿದೆ. ಒಂದು ರಾತ್ರಿ ಸಿಲಿಕಾ ಡಬ್ಬಿಯಲ್ಲಿಟ್ಟೆ. ದೀಪಾವಳಿವರೆಗೂ ಕರಕರ ಬರಲಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್ ಮಾತ್ರ ಬೇಡ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒಳಗೆ ಅಂಟು ಉಳಿಯುತ್ತದೆ.

ಉಳಿದವು ಸಣ್ಣ ವಿಷಯ. ಹ್ಯಾಂಗ್ ಆದರೆ ಪವರ್ ಬಟನ್ ಒತ್ತಿ ಹಿಡಿಯಿರಿ, ಹೆಚ್ಚಿನವು ಎದ್ದುಬಿಡುತ್ತವೆ. 64 ಜಿಬಿ ಮೆಮೊರಿ ಕಾರ್ಡ್ ಹಾಕಿದಾಗ ಅಪ್ಪನ ಪ್ಲೇಯರ್ ಅದನ್ನು ಗುರುತಿಸಲೇ ಇಲ್ಲ. ಕಾರ್ಡ್ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟಿನಲ್ಲಿತ್ತು, ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿದ ಮೇಲೆ ಓದಿತು. ಹಾಡುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡೇ ಇದನ್ನು ಮಾಡಿ, ಫಾರ್ಮ್ಯಾಟಿನಲ್ಲಿ ಎಲ್ಲ ಅಳಿಸಿಹೋಗುತ್ತದೆ. ಹಿಂದಿನ ಮುಚ್ಚಳ ಉಬ್ಬಿದ್ದು ಕಂಡರೆ ಇದ್ಯಾವುದೂ ಬೇಡ. ಅದು ಬ್ಯಾಟರಿ. ಚಾರ್ಜ್ ಹಾಕಬೇಡಿ, ಚುಚ್ಚಬೇಡಿ, ಸೀದಾ ರಿಪೇರಿಯವರ ಹತ್ತಿರ ಒಯ್ಯಿರಿ.